ಬಹುಮಾನ ಇಟ್ಟವರು ಯಾರು? ಷರೀಫರ ಪ್ರಯೋಗದ ಮರುಓದು

ಸಮಾಧಾನವನ್ನು ಕುರಿತ ನಮ್ಮ ಪ್ರಬೋಧನೆಗಳಲ್ಲಿ ಮನೋವಿಜ್ಞಾನದ ಒಂದು ಪ್ರಯೋಗ ಆಗಾಗ ಸಾಮತಿಯಂತೆ ಬಳಕೆಯಾಗುತ್ತದೆ. ನಾನೂ ಅದನ್ನು ಬಳಸಿದವನೇ. ಈಗ ಹಾಗೆ ಬಳಸಲು ಮನಸ್ಸು ಒಪ್ಪುತ್ತಿಲ್ಲ.

1954ರ ಬೇಸಿಗೆಯಲ್ಲಿ ಮುಜಾಫರ್ ಷರೀಫ್ ಮತ್ತು ಸಂಗಡಿಗರು ಅಮೆರಿಕದ ಒಕ್ಲಹೋಮ ರಾಜ್ಯದ ರಾಬರ್ಸ್ ಕೇವ್ ಉದ್ಯಾನದಲ್ಲಿ ಪರಸ್ಪರ ಪರಿಚಯವಿಲ್ಲದ 22 ಬಾಲಕರನ್ನು ಎರಡು ತಂಡಗಳಾಗಿ ಇರಿಸಿದರು. ಎಲ್ಲರೂ ಪ್ರೊಟೆಸ್ಟೆಂಟ್ ಕುಟುಂಬದವರು. ಜನಾಂಗ, ವಯಸ್ಸು, ಅಂತಸ್ತುಗಳಲ್ಲಿಯೂ ಸಮಾನರು. ಗೆದ್ದವರಿಗೆ ಮಾತ್ರ ಪದಕ, ಚಾಕು ಎಂದು ಸಾರಿ ಪಂದ್ಯ ಏರ್ಪಡಿಸಲಾಯಿತು. ಕೆಲವೇ ದಿನಗಳಲ್ಲಿ ಬಾವುಟ ಸುಟ್ಟರು, ಬಿಡಾರಗಳಿಗೆ ನುಗ್ಗಿದರು. ಒಂದೇ ಭೋಜನಶಾಲೆಯಲ್ಲಿ ಕೂರಿಸಿದರೆ ಆಹಾರವನ್ನೇ ಎರಚಾಡಿದರು. (ಸಹಭೋಜನ ಏರ್ಪಡಿಸಿ ಕೈತೊಳೆದುಕೊಳ್ಳುವ ನಮ್ಮಂಥ ಗುರುಗಳು ಇದನ್ನು ಗಮನಿಸಬೇಕು.) ಕೊನೆಗೆ ನೀರಿನ ಸರಬರಾಜು ನಿಂತಾಗ, ಲಾರಿ ಕೆಟ್ಟಾಗ ಒಂದಾದರು, ಹಗ್ಗಜಗ್ಗಾಟದ ಹಗ್ಗದಿಂದಲೇ ಲಾರಿಯನ್ನು ಎಳೆದರು.

ನಾವು ಎತ್ತಿ ಹೇಳುವುದು ಈ ಹಗ್ಗವನ್ನು. ಹೇಳದೆ ಬಿಡುವುದು, ನೀರನ್ನು ನಿಲ್ಲಿಸಿದವರೂ ಚಾಕುವಿನ ಆಸೆ ತೋರಿಸಿದವರೂ ಶಿಬಿರದ ಹಿರಿಯರೇ ಎಂಬುದನ್ನು.

ಇದಕ್ಕೂ ಹಿಂದಿನ ಎರಡು ಶಿಬಿರಗಳನ್ನು ಜೊತೆಗಿಟ್ಟು ಓದಿದರೆ ಚಿತ್ರ ಇನ್ನಷ್ಟು ಜಟಿಲವಾಗುತ್ತದೆ. 1949ರಲ್ಲಿ ಕನೆಕ್ಟಿಕಟ್‌ನಲ್ಲಿ ಹುಡುಗರಿಗೆ ಮೊದಲು ಗೆಳೆತನ ಬೆಳೆಸಿಕೊಳ್ಳಲು ಬಿಟ್ಟು, ಆಮೇಲೆ ಗೆಳೆಯರನ್ನು ಬೇರ್ಪಡಿಸಲಾಯಿತು. ದಿನಗಳೊಳಗೆ ಹಳೆಯ ಸ್ನೇಹ ಕಳಚಿ, ತಂಡದವನೇ ಆಪ್ತನಾದ. ಆಗ ಅವರನ್ನು ಒಂದುಗೂಡಿಸಲು ಬಳಸಿದ ಉಪಾಯಗಳಲ್ಲಿ ಹೊರಗಿನ ಎದುರಾಳಿಯೂ ಒಂದು. ಹೆರೋದನೂ ಪಿಲಾತನೂ ಸ್ನೇಹಿತರಾದ ದಿನ ಯಾವುದೆಂದು ಸಂತ ಲೂಕರ ಶುಭಸಂದೇಶ ಬಲ್ಲ ನಮಗೆ ಈ ಬಗೆಯ ಐಕ್ಯ ಹೊಸದಲ್ಲ.

1953ರಲ್ಲಿ ನ್ಯೂಯಾರ್ಕ್ ರಾಜ್ಯದ ಮಿಡಲ್ ಗ್ರೋವ್‌ನಲ್ಲಿ ಇದೇ ಕ್ರಮ ಅನುಸರಿಸಿದಾಗ ಜಗಳ ಹತ್ತಲೇ ಇಲ್ಲ. ಸಿಬ್ಬಂದಿಯೇ ಗುಟ್ಟಾಗಿ ಕಿಡಿಗೇಡಿತನ ನಡೆಸಿದರೂ ಬಾಲಕರು ಪರಸ್ಪರ ವಿಚಾರಿಸಿ ಸಮಾಧಾನವಾದರು. ಅವರ ಅನುಮಾನ ಹಿರಿಯರತ್ತ ತಿರುಗಿತು. ಪ್ರಯೋಗವನ್ನು ಅರ್ಧದಲ್ಲೇ ಕೈಬಿಡಲಾಯಿತು. ಜೀನಾ ಪೆರಿ 2018ರಲ್ಲಿ ಪ್ರಕಟಿಸಿದ 'ದ ಲಾಸ್ಟ್ ಬಾಯ್ಸ್' ಕೃತಿ ಈ ಕಥೆಯನ್ನು ವಿವರವಾಗಿ ಬಿಚ್ಚಿಟ್ಟಿದೆ.

ಹಾಗಾದರೆ ವೈಯಕ್ತಿಕ ಸ್ನೇಹ ಗುಂಪಿನ ದ್ವೇಷವನ್ನು ತಡೆಯಬಲ್ಲದೇ? ಒಮ್ಮೆ ತಡೆಯಲಿಲ್ಲ, ಒಮ್ಮೆ ತಡೆಯಿತು. ಇದನ್ನು ನಿಯಮವಾಗಿಸಲು ಹೊರಟ ವಿಜ್ಞಾನಕ್ಕೆ ಇದೊಂದು ಸೋಲಾಗಿರಬಹುದು. ಮಾನವನ ಸ್ವಾತಂತ್ರ್ಯವನ್ನೂ ವರಪ್ರಸಾದವನ್ನೂ ಬೋಧಿಸುವ ನಮಗೆ ಇಲ್ಲಿ ಉಸಿರಾಡಲು ಸ್ಥಳವಿದೆ. ಆದರೆ ಷರೀಫರ ವಿರುದ್ಧ ನನ್ನ ಮುಖ್ಯ ಆಕ್ಷೇಪ ಬೇರೆಯದು: ಕಲಹವನ್ನು ಅಳೆಯುವವರು ತಾವು ಅದರಲ್ಲಿ ಪಾಲುದಾರರೆಂದು ಎಣಿಸಲಿಲ್ಲ. ಧರ್ಮಕೇಂದ್ರದ ಎರಡು ಭಾಷಾ ಬಳಗಗಳ ಮುನಿಸನ್ನು ನಿವಾರಿಸಲು ಕೂರುವ ಗುರುವೂ ಹಬ್ಬದ ಪೂಜೆಯ ವೇಳೆ, ಸಭಾಂಗಣದ ಬೀಗದ ಕೈ, ಸಮಿತಿಯ ಸ್ಥಾನಗಳನ್ನು ಹಂಚುವುದು ತಾನೇ ಎಂಬುದನ್ನು ಮರೆಯುತ್ತಾನೆ. ಮರೆತವರಲ್ಲಿ ನಾನೂ ಒಬ್ಬ.

ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದ ಗೊಣಗಾಟವೂ ಹಂಚಿಕೆಯದ್ದೇ. ಗ್ರೀಕ್ ಭಾಷಿಕರ ವಿಧವೆಯರಿಗೆ ದಿನದ ಪಾಲು ತಪ್ಪುತ್ತಿತ್ತು. ಪ್ರೇಷಿತರು ಆಯ್ಕೆಯನ್ನು ಸಭೆಗೇ ಬಿಟ್ಟುಕೊಟ್ಟು, ಆಯ್ಕೆಯಾದವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಸ್ತೇಫನನಿಂದ ಹಿಡಿದು ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ.