ಮಂಡ್ಯದ ಆಫೀಸಿಗೆ ಬೆಂಗಳೂರಿನ ಡಯಲ್ ಪ್ಲಾನ್

ಮಂಡ್ಯ, ಮದ್ದೂರು, ಮಳವಳ್ಳಿಯ ಗಿರಣಿ, ನರ್ಸಿಂಗ್ ಹೋಮ್, ಗಾರ್ಮೆಂಟ್ಸ್ ಆಫೀಸುಗಳಂಥ ಕಡೆ ತಾಮ್ರದ ತಂತಿಯ ಜಾಗಕ್ಕೆ ಡೇಟಾ ಲೈನಿನಲ್ಲೇ ಕರೆ ಸಾಗಿಸುವ ಸಿಪ್ ಟ್ರಂಕ್ ಬರತೊಡಗಿದೆ. ಬರಲಿ. ಹಳೇ ಡಿಜಿಟಲ್ ಪಿಆರ್‌ಐ ಲೈನ್ ಹಾಕಿಸಿದರೆ 30 ಚಾನೆಲ್‌ಗೆ ಕಟ್ಟುಬೀಳಬೇಕಿತ್ತು; ಇಲ್ಲಿ ಒಂದೇ ಫೈಬರಿನಲ್ಲಿ ನಾಲ್ಕು ಬೇಕಾದರೆ ನಾಲ್ಕು, ನಲವತ್ತು ಬೇಕಾದರೆ ನಲವತ್ತು. 2002ರಲ್ಲಿ ಈಗಿನ ರೂಪಕ್ಕೆ ಬಂದ ಸಿಪ್ ನಿಯಮಾವಳಿ ಇವತ್ತಿಗೂ ಗಟ್ಟಿಯಾಗಿದೆ. ತಂತ್ರಜ್ಞಾನದ ಮೇಲೆ ನನ್ನ ತಕರಾರಿಲ್ಲ, ಅದನ್ನು ನಮ್ಮ ಕಡೆ ಕೂರಿಸಿಹೋಗುವ ರೀತಿಯ ಮೇಲಿದೆ.

ಕೆಲಸ ಮುಗಿಯಿತೆನ್ನಲು ಇಲ್ಲಿ ಇರುವುದು ಒಂದೇ ಪರೀಕ್ಷೆ. ಕೂರಿಸಲು ಬಂದ ಹುಡುಗ ಆಫೀಸಿನ ಫೋನಿಂದ ತನ್ನ ಮೊಬೈಲಿಗೆ ಒಂದು ಕರೆ ಮಾಡುತ್ತಾನೆ, ಮೊಬೈಲಿಂದ ಆಫೀಸಿಗೆ ಇನ್ನೊಂದು. ‘ಕಾಲ್ ಓಯ್ತದೆ, ಬತ್ತದೆ, ಇನ್ನೇನ್ ಸಾ?’ ಬಿಲ್ಲಿಗೆ ಸಹಿ ಬೀಳುತ್ತದೆ. ಎಡವಟ್ಟು ಶುರುವಾಗುವುದು ಮಾರನೇ ದಿನ.

ಬೆಂಗಳೂರಿನಲ್ಲಿ 080ರ ಹಿಂದೆ ಎಂಟು ಅಂಕಿ. ಮಂಡ್ಯ, ಮದ್ದೂರಿನ ಕೋಡ್ 08232, ಮಳವಳ್ಳಿಯದು 08231. ಸ್ಥಳೀಯ ನಂಬರಿಗೆ ಆರೇ ಅಂಕಿ. ಬೆಂಗಳೂರಿನ ಯಾವುದೋ ಆಫೀಸಿಗೆ ಬರೆದ ಡಯಲ್ ಪ್ಲಾನನ್ನು, ಅಂದರೆ ಯಾವ ಅಂಕಿ ಒತ್ತಿದರೆ ಕರೆ ಹೇಗೆ ಹೋಗಬೇಕೆಂಬ ನಿಯಮಗಳನ್ನು, ಹಾಗೇ ತಂದು ಇಲ್ಲಿ ಸುರಿದರೆ, ಗುಮಾಸ್ತ ಆರು ಅಂಕಿ ಒತ್ತಿ ಸುಮ್ಮನೆ ಕಾಯುತ್ತಾನೆ, ಏಳನೆಯದಕ್ಕೆ ಆಫೀಸಿನೊಳಗಿನ ಎಕ್ಸ್‌ಚೇಂಜ್, ಅಂದರೆ ಪಿಬಿಎಕ್ಸ್ ಯಂತ್ರ ಕಾಯುತ್ತದೆ. ಎರಡು ದಿನ ನೋಡಿ ಅವನು ಜೇಬಿನ ಮೊಬೈಲ್ ತೆಗೆಯುತ್ತಾನೆ. ದುಡ್ಡು ಸುರಿದು ಹಾಕಿಸಿದ ಟ್ರಂಕ್ ಅಲ್ಲಿಂದಾಚೆಗೆ ಒಳಬರುವ ಕರೆಗೆ ಮಾತ್ರ.

ಸೊನ್ನೆಯ ಗೋಳು ಇನ್ನೊಂದು. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡಲು ಮುಂದೆ ಸೊನ್ನೆ ಕಡ್ಡಾಯ. ಹೊರಗಿನ ಲೈನ್ ಹಿಡಿಯಲೂ ಸೊನ್ನೆ ಒತ್ತುವ ಅಭ್ಯಾಸ ನಮ್ಮ ಆಫೀಸುಗಳದು. ಒಂದನ್ನು ಯಂತ್ರ ನುಂಗಿತೋ, ಎರಡನ್ನೂ ನುಂಗಿತೋ ಒತ್ತಿದವರಿಗೆ ತಿಳಿಯದು. ಮಿಸ್ಡ್ ಕಾಲ್ ಪಟ್ಟಿಯಲ್ಲಿ ಗಿರಾಕಿಯ ನಂಬರು ಬರಿಯ ಹತ್ತಂಕಿಯಲ್ಲೋ, 91 ಅಂಟಿಸಿಕೊಂಡೋ ಕೂತಿರುತ್ತದೆ. ಅಲ್ಲಿಂದಲೇ ತಿರುಗಿ ಒತ್ತಿದರೆ ಹೋಗುವುದಿಲ್ಲ. ಹತ್ತಂಕಿ ಬಂದರೆ ಮುಂದೆ ಸೊನ್ನೆ ಸೇರಿಸು, 91 ಇದ್ದರೆ ಕಿತ್ತು ಸೊನ್ನೆ ಹಾಕು ಎಂದು ಎರಡು ಸಾಲು ಬರೆದರೆ ಮುಗಿಯುವ ಕೆಲಸವಿದು. ಬರೆಯಬೇಕಾದರೆ ಆಫೀಸಿನವರು ದಿನವೂ ಯಾರಿಗೆ, ಹೇಗೆ ಫೋನ್ ಮಾಡುತ್ತಾರೆಂದು ಹತ್ತು ನಿಮಿಷ ಕೇಳಬೇಕು. ಅಷ್ಟೂ ಪುರುಸೊತ್ತಿಲ್ಲ.

ಇವೆಲ್ಲ ಕಿರಿಕಿರಿ ಎನ್ನೋಣ. ಎಕ್ಸ್‌ಟೆನ್ಶನ್‌ಗಳನ್ನು 101ರಿಂದ ಎಣಿಸುತ್ತ ಹೋಗುವುದನ್ನು ಮಾತ್ರ ಕಿರಿಕಿರಿ ಎನ್ನಲಾರೆ. ಆ ಸಾಲಿನಲ್ಲಿ 101 ಅಗ್ನಿಶಾಮಕದ್ದು, 108 ಆಂಬುಲೆನ್ಸಿನದು, 112 ತುರ್ತು ಸೇವೆಯದು. ಹಾಗೆ ಎಣಿಸಿದ ನರ್ಸಿಂಗ್ ಹೋಮಿನಲ್ಲಿ ನರ್ಸ್ 108 ಒತ್ತಿದರೆ ಆಂಬುಲೆನ್ಸಿಗೆ ಹೋಗುವುದಿಲ್ಲ, ಪಕ್ಕದ ಎಕ್ಸ್‌ರೇ ಕೋಣೆಯಲ್ಲಿ ಗಂಟೆ ಹೊಡೆಯುತ್ತದೆ. 201ರಿಂದ ಎಣಿಸಿದ್ದರೆ ಏನು ಖರ್ಚಾಗುತ್ತಿತ್ತು?

ಇನ್ನು ನಮ್ಮ ಮಾತು ಅವರಿಗೆ ಕೇಳುತ್ತದೆ, ಅವರದು ನಮಗೆ ಕೇಳುವುದಿಲ್ಲ ಎಂಬ ದೂರು. ‘ನೆಟ್ ಸ್ಲೋ’ ಎಂದು ತಳ್ಳಿಹಾಕುವುದು ಸಲೀಸು, ಆದರೆ ಸುಳ್ಳು. ಧ್ವನಿಯನ್ನು ಡಿಜಿಟಲ್ ಮಾಡುವ ಜಿ.711 ಪದ್ಧತಿಯಲ್ಲಿ ಒಂದು ಕರೆಗೆ ನೂರು ಕಿಲೋಬಿಟ್ ಕೂಡ ಬೇಡ. ಹತ್ತು ಜನ ಒಟ್ಟಿಗೆ ಮಾತಾಡಿದರೂ ಸುಮಾರು ಒಂದು ಎಂಬಿಪಿಎಸ್. ಸಾಮಾನ್ಯವಾಗಿ ನಡೆದಿರುವುದು ಇಷ್ಟು: ಧ್ವನಿಯನ್ನು ಇಲ್ಲಿಗೆ ಕಳಿಸಿ ಎಂದು ನಮ್ಮ ಪಿಬಿಎಕ್ಸ್ ಪೆಟ್ಟಿಗೆ 192.168ರಿಂದ ಶುರುವಾಗುವ ಒಳಮನೆಯ ವಿಳಾಸ ಕೊಟ್ಟಿರುತ್ತದೆ. ಆಚೆಯವರಿಗೆ ಆ ವಿಳಾಸ ಸಿಗುವುದಿಲ್ಲ. ಸಹಾಯ ಮಾಡುವ ನೆಪದಲ್ಲಿ ಸಿಪ್ ಸಂದೇಶಗಳಲ್ಲಿನ ವಿಳಾಸ ತಿದ್ದುವ ರೌಟರಿನ ಸಿಪ್ ಎಎಲ್‌ಜಿ ನಡುವೆ ಕೈಹಾಕಿದರೆ ಇನ್ನಷ್ಟು ಗೊಂದಲ. ಎಎಲ್‌ಜಿಯನ್ನು ಆಫ್ ಮಾಡಿ, ಪೆಟ್ಟಿಗೆಗೆ ಸರಿಯಾದ ವಿಳಾಸ, ಸರಿಯಾದ ರೂಟ್ ಕೊಟ್ಟರೆ ಬಹುಪಾಲು ದೂರು ಅಲ್ಲಿಗೇ ನಿಲ್ಲುತ್ತದೆ.

ಕರೆಂಟಿನ ವಿಷಯವನ್ನು ಮಾರುವವರು ಎತ್ತುವುದೇ ಇಲ್ಲ. ಹಳೇ ಫೋನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಊರೆಲ್ಲ ಕತ್ತಲಾದರೂ ಅದು ಮಾತಾಡುತ್ತಿತ್ತು. ಈಗ ಫೈಬರ್ ಮೋಡೆಮ್, ರೌಟರ್, ಸ್ವಿಚ್, ಪಿಬಿಎಕ್ಸ್, ಮೇಜಿನ ಫೋನ್ ಎಲ್ಲಕ್ಕೂ ಕರೆಂಟು ಬೇಕು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ತಾಲ್ಲೂಕು ಮಳವಳ್ಳಿ; ಅಲ್ಲೂ ಯುಪಿಎಸ್ ಇಲ್ಲದೆ ಸಿಪ್ ಹಾಕಿಸಬಾರದು.

ಬೀಗದ ವಿಷಯದಲ್ಲಂತೂ ಉಡಾಫೆ. ಎಕ್ಸ್‌ಟೆನ್ಶನ್ 205ಕ್ಕೆ ಪಾಸ್‌ವರ್ಡೂ 205, ಐಎಸ್‌ಡಿ ತೆರೆದಿದೆ, 5060 ಪೋರ್ಟು ಲೋಕಕ್ಕೆಲ್ಲ ಬಾಗಿಲು. ಇಂಥ ಪೆಟ್ಟಿಗೆ ಹುಡುಕುವುದನ್ನೇ ಕಸುಬು ಮಾಡಿಕೊಂಡವರು ಆಫೀಸು ಮುಚ್ಚಿದ ಮೇಲೆ ಕಂಡು ಕೇಳರಿಯದ ದೇಶಗಳಿಗೆ ಕರೆ ಹರಿಸುತ್ತಾರೆ, ಬಿಲ್ಲು ಮಾಲೀಕನಿಗೆ. ಮದ್ದೂರಿನ ಎಳನೀರು ವ್ಯಾಪಾರಿ ದೆಹಲಿ, ಮುಂಬೈಗೆ ಲೋಡು ಕಳಿಸಬಹುದು, ಅದಕ್ಕೆ ಐಎಸ್‌ಡಿ ಬೇಕಿಲ್ಲ. ಮುಚ್ಚಿಸಿದರಾಯಿತು. ಆದರೆ ಮುಚ್ಚಲು ಅಡ್ಮಿನ್ ಪಾಸ್‌ವರ್ಡ್ ಬೇಕು, ಅದು ಕೂರಿಸಿಹೋದ ಹುಡುಗನ ಹತ್ತಿರ ಇರುತ್ತದೆ, ಹುಡುಗ ಕೆಲಸ ಬಿಟ್ಟು ಬೇರೆ ಕಡೆ ಸೇರಿರುತ್ತಾನೆ.