ನಲವತ್ತರ ಗೆರೆ

ಅಂಗವೈಕಲ್ಯ ಅಳೆಯುವ ವೈದ್ಯರ ಬೋರ್ಡು ಕೂರುವ ದಿನ ಜಿಲ್ಲಾ ಆಸ್ಪತ್ರೆಯ ವರಾಂಡದಲ್ಲಿ ಕೂತವರು ಒಬ್ಬರನ್ನೊಬ್ಬರು ಹೆಸರು ಕೇಳುವುದಿಲ್ಲ, ಊರೂ ಕೇಳುವುದಿಲ್ಲ. ಒಳಗಿನಿಂದ ಹೊರಬಂದವರನ್ನು ಎಲ್ಲರೂ ಕೇಳುವುದು ಒಂದೇ ಮಾತು: "ಎಷ್ಟು ಕೊಟ್ರು?" ಕೊಡುವುದು ಶೇಕಡಾ ಲೆಕ್ಕ. ನಲವತ್ತು ಸಿಕ್ಕರೆ ಪಿಂಚಣಿಗೆ ಅರ್ಜಿ ಹಾಕಬಹುದು. ಮೂವತ್ತೈದು ಸಿಕ್ಕವರು ಬಂದ ಬಸ್ಸಿಗೇ ವಾಪಸ್ಸು. ನಮ್ಮ ದೇಹದ ನಷ್ಟ ಇನ್ನಷ್ಟು ದೊಡ್ಡದು ಎಂದು ಬರೆಯಲಿ ಎಂದು ಜನ ದೇವರಿಗೆ ಹರಕೆ ಹೊರುವ ಜಾಗ ಅದು.

ಕೆಲವು ವರ್ಷಗಳ ಹಿಂದೆ ನಾನು ಅಲ್ಲಿಗೆ ಚಿಕ್ಕಪ್ಪನನ್ನು ಕರೆದುಕೊಂಡು ಹೋಗಿದ್ದೆ. ಗಾರೆ ಕೆಲಸದವರು. ಸಕ್ಕರೆ ಕಾಯಿಲೆಯಿಂದ ಪಾದದ ಗಾಯ ಕೊಳೆತು ಬಲಗಾಲನ್ನು ಮಂಡಿಯಿಂದ ನಾಲ್ಕು ಬೆರಳು ಕೆಳಗೆ ತೆಗೆದಿದ್ದರು. ಡಾಕ್ಟರು ಎಪ್ಪತ್ತು ಎಂದು ಬರೆದರು. ಎಪ್ಪತ್ತೈದು ದಾಟಿದವರಿಗೆ ಹೆಚ್ಚಿನ ಪಿಂಚಣಿ ಎಂದು ಪಕ್ಕದಲ್ಲಿದ್ದವರು ಹೇಳಿದಾಗ ಚಿಕ್ಕಪ್ಪ ನನ್ನನ್ನು ಕೇಳಿದರು: "ಹಂಗಾದ್ರೆ ಇನ್ನೆಷ್ಟು ಕಡೀಬೇಕಿತ್ತಂತೆ?" ತಮಾಷೆಗೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಉತ್ತರ ಗೊತ್ತಿರಲಿಲ್ಲವಾದ್ದರಿಂದ ಮನೆಗೆ ಬಂದ ಮೇಲೆ ಆ ಸಂಖ್ಯೆ ಎಲ್ಲಿಂದ ಬರುತ್ತದೆಂದು ಹುಡುಕಿ ಓದಿದೆ.

ಅದು ಬರುವುದು ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ರಾಜ್ಯಪತ್ರದಲ್ಲಿ ಪ್ರಕಟಿಸಿದ ಅಂಗವೈಕಲ್ಯ ಮಾಪನದ ಮಾರ್ಗಸೂಚಿಯಿಂದ. 2024ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ವೈದ್ಯರಿಗಾಗಿ ಬರೆದ ಈ ದಸ್ತಾವೇಜಿನಷ್ಟು ನಮ್ಮ ಬಡ ಅಂಗವಿಕಲರ ಬದುಕನ್ನು ತೀರ್ಮಾನಿಸುವ ಪಠ್ಯ ಬೇರೊಂದಿಲ್ಲ. ಆದರೂ ಅದನ್ನು ಪಠ್ಯವೆಂದು ಕೂತು ಓದಿದವರು ಕಡಿಮೆ. ಕಾಲಿನ ಕೋಷ್ಟಕವನ್ನೇ ತೆಗೆದುಕೊಳ್ಳಿ. ತೊಡೆಯ ಮಟ್ಟದಲ್ಲಿ ಕಾಲು ಹೋದರೆ 80 ಅಥವಾ 85. ಮಂಡಿಯ ಕೆಳಗೆ, ಎಂಟು ಸೆಂಟಿಮೀಟರಿನೊಳಗೆ ಹೋದರೆ 70. ಇನ್ನೂ ಕೆಳಗೆ ಹೋದರೆ 60. ಪಾದದ ನಡುಮಧ್ಯಕ್ಕೆ ಕತ್ತರಿಸಿದರೆ 40, ಪಾದದ ಮುಂಭಾಗ ಮಾತ್ರ ಹೋದರೆ 30. ಐದೂ ಬೆರಳು ಹೋದರೆ 20. ಚಿಕ್ಕಪ್ಪನ ಪ್ರಶ್ನೆಗೆ ಅಳತೆಪಟ್ಟಿಯ ಉತ್ತರವೇ ಅಲ್ಲಿತ್ತು.

ಈ ಕೋಷ್ಟಕಕ್ಕೆ ಅದರದೇ ಆದ ಪ್ರಾಮಾಣಿಕತೆ ಇದೆ, ಅದನ್ನು ಮೊದಲು ಹೇಳಬೇಕು. ಕೋಷ್ಟಕ ಇಲ್ಲದಿದ್ದರೆ ಎಲ್ಲವೂ ಡಾಕ್ಟರ ಮರ್ಜಿಗೆ, ಹೊರಗೆ ನಿಂತ ದಲ್ಲಾಳಿಯ ಕೈಗೆ ಹೋಗುತ್ತದೆ. ಬೀದರಿನಲ್ಲಿ ಕೊಟ್ಟದ್ದನ್ನೇ ಮಡಿಕೇರಿಯಲ್ಲೂ ಕೊಡಬೇಕು ಎಂಬುದು ನ್ಯಾಯದ ಮೊದಲ ಮೆಟ್ಟಿಲು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹಳೆಯ 1995ರ ಕಾಯ್ದೆಯ ಏಳು ಬಗೆಯ ವೈಕಲ್ಯಗಳನ್ನು 21ಕ್ಕೆ ಏರಿಸಿತು. ಆಟಿಸಂ, ಆ್ಯಸಿಡ್ ದಾಳಿಗೆ ತುತ್ತಾದವರು, ಥಲಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆ ಎಲ್ಲವೂ ಒಳಗೆ ಬಂದವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಸಿಕಲ್ ಸೆಲ್ ಇದೆ. ಕೈಕಾಲು ನೆಟ್ಟಗಿದ್ದೂ ನೋವಿನ ದಿನಗಳಲ್ಲಿ ಏಳಲಾಗದ ಆ ಹುಡುಗರನ್ನು ಕಾನೂನು ಕಂಡದ್ದು ದೊಡ್ಡ ಮಾತು.

ಆದರೆ ಕೋಷ್ಟಕ ಅಳೆಯುವುದು ದೇಹವನ್ನು, ಪಿಂಚಣಿ ಇರುವುದು ಬದುಕಿಗೆ. ನನ್ನ ತಕರಾರಿನ ಬೇರು ಇಲ್ಲಿದೆ. ಮಲೆನಾಡಿನಲ್ಲಿ ಅಡಿಕೆ ಮರ ಏರಿ ಕೊನೆ ಇಳಿಸುವ ಕೊನೆಗೌಡನನ್ನು ನೆನೆಯಿರಿ. ಅವನ ಇಡೀ ವಿದ್ಯೆ ಪಾದದ ಮುಂಭಾಗದಲ್ಲಿದೆ, ಮರವನ್ನು ಅಪ್ಪಿ ಹಿಡಿಯುವುದು ಅದೇ. ಆ ಭಾಗ ಹೋದರೆ ಅವನಿಗೆ 30. ಮೇಜಿನ ಮುಂದೆ ಕೂತು ಲೆಕ್ಕ ಬರೆಯುವವನಿಗೂ 30. ಒಬ್ಬ ನಾಳೆ ಕೆಲಸಕ್ಕೆ ಹೋಗುತ್ತಾನೆ, ಇನ್ನೊಬ್ಬನಿಗೆ ಕೆಲಸವೇ ಮುಗಿಯಿತು. ಪಿಂಚಣಿಯ ಅರ್ಜಿಯಲ್ಲಿ ಇಬ್ಬರೂ ಒಂದೇ, ಇಬ್ಬರಿಗೂ ಇಲ್ಲ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ 30. ಹೆಬ್ಬೆರಳು ಬುಡಸಮೇತ ಹೋದರೂ 30. ದರ್ಜಿ, ಬಡಗಿ, ಚಮ್ಮಾರ, ಬೀಡಿ ಕಟ್ಟುವ ಹೆಂಗಸು, ಇವರೆಲ್ಲರ ಅನ್ನ ಇರುವುದು ಹೆಬ್ಬೆರಳಲ್ಲಿ. ಕೋಷ್ಟಕದಲ್ಲಿ ವೃತ್ತಿಗೆ ಕಾಲಂ ಇಲ್ಲ.

ಎರಡು ವೈಕಲ್ಯ ಒಟ್ಟಿಗೆ ಇದ್ದಾಗ ಮಾಡುವ ಲೆಕ್ಕವನ್ನು ಓದಿದಾಗ ನನಗೆ ಇನ್ನೂ ಹೆಚ್ಚು ಸಂಕಟವಾಯಿತು. ಎರಡನ್ನೂ ಕೂಡಿಸುವುದಿಲ್ಲ. ದೊಡ್ಡ ಸಂಖ್ಯೆಯನ್ನು ತೊಂಬತ್ತರಿಂದ ಕಳೆದು, ಉಳಿದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, ತೊಂಬತ್ತರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಸಂಖ್ಯೆಗೆ ಸೇರಿಸಬೇಕು. ಕಾಲಿಗೆ 30, ಕಿವಿಗೆ 30 ಇದ್ದರೆ ಒಟ್ಟು 60 ಅಲ್ಲ, 50. ಸೂತ್ರದ ಹಿಂದಿನ ವಿಚಾರ ಅರ್ಥವಾಗುತ್ತದೆ: ಒಟ್ಟು ನೂರನ್ನು ಮೀರಬಾರದು. ಗೆರೆಯ ಕೆಳಗಿದ್ದ ಎರಡು ತೊಂದರೆಗಳು ಸೇರಿ ಗೆರೆ ದಾಟುವುದಕ್ಕೆ ಇದೇ ದಾರಿಯಾಗುತ್ತದೆ ಎಂಬುದೂ ನಿಜ. ಆದರೆ ಬದುಕಿನಲ್ಲಿ ಲೆಕ್ಕ ತಿರುಗುಮುರುಗಾಗಿ ನಡೆಯುತ್ತದೆ. ಕಣ್ಣು ಕಾಣದವರು ಕಿವಿಯ ಮೇಲೆ ಬದುಕುತ್ತಾರೆ, ಕಿವಿ ಕೇಳದವರು ಕಣ್ಣಿನ ಮೇಲೆ. ಎರಡೂ ಮಂದವಾದಾಗ ಒಂದಕ್ಕೆ ಇನ್ನೊಂದು ಆಸರೆಯಾಗುವ ದಾರಿಯೇ ಮುಚ್ಚುತ್ತದೆ. ಅಲ್ಲಿ ನಷ್ಟ ಕೂಡುವುದಕ್ಕಿಂತ ಹೆಚ್ಚಾಗಬೇಕು. ಸೂತ್ರ ಅದನ್ನು ಕಡಿಮೆ ಮಾಡುತ್ತದೆ.

ಇದಕ್ಕೆ ಪರ್ಯಾಯ ಇಲ್ಲ ಎನ್ನುವಂತಿಲ್ಲ, ಏಕೆಂದರೆ ಅದು ಇದೇ ಮಾರ್ಗಸೂಚಿಯ ಒಳಗಿದೆ. ಮಾನಸಿಕ ಕಾಯಿಲೆಯನ್ನು ಅಳೆಯಲು ಬಳಸುವ 'ಐಡಿಯಾಸ್' ಎಂಬ ಮಾಪನವನ್ನು ಭಾರತದ ಮನೋವೈದ್ಯರೇ ರೂಪಿಸಿದರು. ಅದು ಕೇಳುವುದು ನಾಲ್ಕು ವಿಷಯ: ಈ ವ್ಯಕ್ತಿ ತನ್ನ ಮೈಕೈ ಶುಚಿ, ಊಟ ಉಡುಪು ನೋಡಿಕೊಳ್ಳಬಲ್ಲರೇ, ಜನರೊಡನೆ ಬೆರೆಯಬಲ್ಲರೇ, ಹೇಳಿದ್ದು ತಿಳಿದು ತನ್ನದನ್ನು ಹೇಳಬಲ್ಲರೇ, ಕೆಲಸ ಮಾಡಬಲ್ಲರೇ. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕು ಅಂಕ, ಜೊತೆಗೆ ಕಾಯಿಲೆ ಎಷ್ಟು ವರ್ಷದ್ದು ಎಂಬುದಕ್ಕೂ ಅಂಕ. ಇದನ್ನು ಓದುವಾಗ ಮೊದಲ ಬಾರಿಗೆ ಕಾಗದದ ಮೇಲೆ ಒಬ್ಬ ಮನುಷ್ಯ ಕಂಡ ಹಾಗಾಯಿತು. ಬೆಳಗ್ಗೆ ಎದ್ದು ರಾತ್ರಿ ಮಲಗುವವರೆಗಿನ ಒಂದು ದಿನ ಕಂಡಿತು. ಮನಸ್ಸಿನ ಕಾಯಿಲೆಗೆ ಕೇಳುವ ಈ ಪ್ರಶ್ನೆಗಳನ್ನು ಕಾಲು ಕಳೆದುಕೊಂಡವರಿಗೆ ಏಕೆ ಕೇಳಬಾರದು?

ಸುಪ್ರೀಂ ಕೋರ್ಟು ಈ ದಿಕ್ಕಿನಲ್ಲಿ ಮುಂದೆ ಹೋಗಿದೆ. 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಪರೀಕ್ಷೆಗೆ ಬರಹಗಾರನ ನೆರವು ಪಡೆಯಲು ಶೇ 40 ಇರಲೇಬೇಕು ಎಂಬ ವಾದವನ್ನು ಅದು ಒಪ್ಪಲಿಲ್ಲ. 2024ರ ಓಂಕಾರ್ ಗೊಂಡ್ ಪ್ರಕರಣದಲ್ಲಿ, ಶೇಕಡಾವಾರು ಸಂಖ್ಯೆಯೊಂದನ್ನೇ ಹಿಡಿದು ಎಂಬಿಬಿಎಸ್ ಸೀಟು ನಿರಾಕರಿಸಬಾರದು, ಆ ವ್ಯಕ್ತಿ ಕಲಿಯಬಲ್ಲನೇ ಎಂಬುದನ್ನು ನೋಡಬೇಕು ಎಂದಿತು. ಪರೀಕ್ಷೆಗೆ, ಸೀಟಿಗೆ ಸಲ್ಲುವ ಈ ವಿವೇಕ ತಿಂಗಳ ಪಿಂಚಣಿಯ ಬಾಗಿಲಿಗೆ ಇನ್ನೂ ಬಂದಿಲ್ಲ.

ಇನ್ನು ಹಣದ ಮಾತು. 2021ರ ಜುಲೈನಲ್ಲಿ ಮುಖ್ಯಮಂತ್ರಿಯಾದ ಬಸವರಾಜ ಬೊಮ್ಮಾಯಿ ಅವರು ಮೊದಲ ದಿನವೇ ಶೇ 40ರಿಂದ 75ರೊಳಗಿನವರ ಪಿಂಚಣಿಯನ್ನು 600ರಿಂದ 800 ರೂಪಾಯಿಗೆ, ವೃದ್ಧರ ಸಂಧ್ಯಾ ಸುರಕ್ಷಾ ಪಿಂಚಣಿಯನ್ನು 1,000ದಿಂದ 1,200ಕ್ಕೆ ಏರಿಸಿದರು. ಶೇ 75 ದಾಟಿದ ಅಂಗವಿಕಲರಿಗೆ 1,400. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಯ ಪಾಲು 2012ರಿಂದ 300 ರೂಪಾಯಿಗೇ ನಿಂತಿದೆ, ಅದೂ ಶೇ 80 ಇರುವ ಬಿಪಿಎಲ್ ಕುಟುಂಬದವರಿಗೆ. ಈ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು 2016ರ ಕಾಯ್ದೆಯ 24ನೇ ಕಲಮನ್ನು ಓದಬೇಕು. ಅಂಗವಿಕಲರಿಗೆ ಕೊಡುವ ನೆರವು ಇತರರಿಗಿರುವ ಅಂಥದ್ದೇ ಯೋಜನೆಯ ಮೊತ್ತಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎಂದು ಅಲ್ಲಿದೆ. ಅಂಗವಿಕಲನಿಗೆ ಅದೇ ಊಟ, ಅದೇ ಬಸ್ಸು, ಅದೇ ಔಷಧಿ ಹೆಚ್ಚು ದುಬಾರಿಯಾಗುತ್ತದೆ ಎಂಬ ತಿಳಿವಳಿಕೆ ಆ ಒಂದು ವಾಕ್ಯದ ಹಿಂದಿದೆ. ಆಟೋ ಬೇಕು, ಜೊತೆಗೊಬ್ಬರು ಬೇಕು, ಆ ಜೊತೆಗಾರನ ಒಂದು ದಿನದ ಕೂಲಿ ಹೋಗುತ್ತದೆ. ವೃದ್ಧರಿಗೆ 1,200 ಇದ್ದರೆ ಅಂಗವಿಕಲರಿಗೆ ಕನಿಷ್ಠ 1,500 ಬರಬೇಕು. 1,400 ಪಡೆಯುವವರಿಗೂ ಅಷ್ಟಿಲ್ಲ. 800 ಪಡೆಯುವವರಿಗೆ ವೃದ್ಧರಿಗಿಂತ ಮೂರನೇ ಒಂದು ಪಾಲು ಕಡಿಮೆ. ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಮಾತೂ ಅದೇ ಕಲಮಿನಲ್ಲಿದೆ, ನಿಜ. 2023ರಿಂದ ಗೃಹಲಕ್ಷ್ಮಿಗೆ ತಿಂಗಳಿಗೆ 2,000 ಕೊಡುತ್ತಿರುವ ರಾಜ್ಯಕ್ಕೆ ಆ ಮಾತಿನ ಆಸರೆ ಸಲ್ಲದು ಎಂದು ನಾನು ತಿಳಿದಿದ್ದೇನೆ. ಗೃಹಲಕ್ಷ್ಮಿ ಕೊಡಬಾರದು ಎಂದಲ್ಲ. ಅದನ್ನು ಕೊಡಬಲ್ಲ ಕೈಗೆ ಇದೂ ಸಾಧ್ಯ ಎಂದು.

ಆದಾಯದ ಮಿತಿಯ ವಿಷಯ ಇನ್ನೂ ನೋವಿನದು. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಬಾರದು. ಅಂದರೆ ತಿಂಗಳಿಗೆ ಎರಡು ಸಾವಿರದ ಏಳುನೂರರೊಳಗೆ ಇಡೀ ಮನೆ ನಡೆಯಬೇಕು. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಒಂದು ಮನೆ ಆಗ ಸರ್ಕಾರವೇ ಖಾತರಿ ಕೊಟ್ಟಿದ್ದ ನೂರು ದಿನದ ಕೆಲಸ ಪೂರ್ತಿ ಮಾಡಿದ್ದರೆ 34,900 ಆಗುತ್ತಿತ್ತು, ಪಿಂಚಣಿಯ ಗೆರೆ ದಾಟಿಹೋಗುತ್ತಿತ್ತು. ಇದು ಅರ್ಜಿ ಬರೆಸುವವರಿಗೂ ಗೊತ್ತು, ಪರಿಶೀಲಿಸುವ ಗ್ರಾಮ ಆಡಳಿತ ಅಧಿಕಾರಿಗೂ ಗೊತ್ತು. ಹೀಗಾಗಿ ಆದಾಯ ಪ್ರಮಾಣಪತ್ರದಲ್ಲಿ ಯಾರೂ ನಂಬದ ಒಂದು ಸಂಖ್ಯೆಯನ್ನು ಎಲ್ಲರೂ ಸೇರಿ ಬರೆಯುತ್ತಾರೆ. ಹಕ್ಕು ಕೇಳಲು ಬಂದ ಬಡವನ ಬಾಯಲ್ಲಿ ಮೊದಲು ಒಂದು ಸುಳ್ಳು ಹೇಳಿಸುವ ವ್ಯವಸ್ಥೆ ಇದು. ಮುಂದೆ ಯಾರಾದರೂ ತಕರಾರು ತೆಗೆದರೆ ಆ ಸುಳ್ಳಿಗೆ ಹೊಣೆ ಅವನೇ. ಅಷ್ಟೇ ಅಲ್ಲ, ಆದಾಯ ಕುಟುಂಬದ್ದು ಎಂದಾದಾಗ ಅಣ್ಣನ ಮನೆಯಲ್ಲಿ ಇರುವ ಮದುವೆಯಾಗದ ಅಂಗವಿಕಲ ತಂಗಿ ಅಣ್ಣನ ಗಳಿಕೆಯ ಕಾರಣಕ್ಕೆ ಬರಿಗೈಯಲ್ಲಿ ಉಳಿಯುತ್ತಾಳೆ. ಅವಳ ಕೈಗೆ ಅವಳದೇ ಎಂದು ನಾಲ್ಕು ಕಾಸು ಬರಲಿ ಎಂಬುದಲ್ಲವೇ ಪಿಂಚಣಿಯ ಉದ್ದೇಶ?

ಅರ್ಜಿಯ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಡೆದವರಿಗೆ ಗೊತ್ತಿದೆ. ಮೊದಲು ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅಂಗವಿಕಲರ ಗುರುತಿನ ಕಾರ್ಡಾದ ಯುಡಿಐಡಿಗೆ ನೋಂದಣಿ, ಆಮೇಲೆ ಆಸ್ಪತ್ರೆ, ಕಾರ್ಡು ಬಂದ ಮೇಲೆ ನಾಡಕಚೇರಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಕೊನೆಗೆ ತಹಶೀಲ್ದಾರರ ಆದೇಶ. ಒಂದೇ ಸರ್ಕಾರದ ಎರಡು ಬಾಗಿಲು. ಮೊದಲ ಬಾಗಿಲಲ್ಲಿ ಶೇ 70 ಎಂದು ಒಪ್ಪಿಕೊಂಡ ಮೇಲೆ ಎರಡನೆಯದು ತಾನಾಗಿಯೇ ತೆರೆಯಬೇಕಿತ್ತು. ಈ ದಾರಿಯಲ್ಲಿ ಮನಸ್ಸಿಗೆ ಸಮಾಧಾನ ಕೊಡುವ ಸಂಗತಿಗಳೂ ಇವೆ. ಪಂಚಾಯಿತಿಗೊಬ್ಬರಂತೆ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ತಾವೇ ಅಂಗವಿಕಲರು. ಯಾವ ಜೆರಾಕ್ಸ್ ಎಲ್ಲಿ ಬೇಕು ಎಂಬುದರಿಂದ ಹಿಡಿದು ಆಸ್ಪತ್ರೆಯಲ್ಲಿ ಮೆಟ್ಟಿಲಿಲ್ಲದ ಬಾಗಿಲು ಯಾವುದು ಎಂಬುದರವರೆಗೆ ಅವರಿಗೆ ಗೊತ್ತು. ಚಿಕ್ಕಪ್ಪನ ಅರ್ಜಿ ಅರ್ಧ ನಡೆದದ್ದು ನಮ್ಮ ಪಂಚಾಯಿತಿಯ ಆ ಹೆಣ್ಣುಮಗಳ ಓಡಾಟದಿಂದ. ಪೋಲಿಯೋ ಆದ ಕಾಲಿನಲ್ಲಿ ಅವಳು ಓಡಾಡಿದಳು. ಸಿಗುವ ಗೌರವಧನ ಮಾತ್ರ ಅವಳ ಕೆಲಸಕ್ಕೆ ತಕ್ಕದ್ದಲ್ಲ. 2022ರಲ್ಲಿ ರಾಜ್ಯ ತಂದ 'ಹಲೋ ಕಂದಾಯ ಸಚಿವರೇ' ಯೋಜನೆಯಲ್ಲಿ ಫೋನ್ ಮಾಡಿದರೆ ಕಚೇರಿಯವರೇ ಮನೆಗೆ ಬಂದು 72 ಗಂಟೆಯೊಳಗೆ ಪಿಂಚಣಿ ಮಂಜೂರು ಮಾಡುವ ಮಾತಿದೆ. ನಡೆಯಲಾಗದವರ ಬಳಿಗೆ ನಡೆಯಬಲ್ಲವರು ಹೋಗುವುದು, ಈ ಇಡೀ ವ್ಯವಸ್ಥೆಯಲ್ಲಿ ನಾನು ಕಂಡ ಅತ್ಯಂತ ಸರಿಯಾದ ವಿಚಾರ ಇದು. ಆದರೆ ಆ 72 ಗಂಟೆ ಶುರುವಾಗುವುದು ಕಾರ್ಡು ಕೈಗೆ ಬಂದ ಮೇಲೆ. ಅದೇ ಕಾರ್ಡಿಗೆ ಹಿಂದೆ ಇದ್ದ ಒಂದು ತಿಂಗಳ ಗಡುವನ್ನು 2024ರ ತಿದ್ದುಪಡಿಯಲ್ಲಿ ಮೂರು ತಿಂಗಳಿಗೆ ಹೆಚ್ಚಿಸಿದ್ದಾರೆ.

ಚಿಕ್ಕಪ್ಪನಿಗೆ ಈಗ ಐವತ್ತೆಂಟು. ತಿಂಗಳಿಗೆ 800 ಬರುತ್ತಿದೆ, ಸಕ್ಕರೆ ಕಾಯಿಲೆಯ ಮಾತ್ರೆಗೆ ಸರಿಹೋಗುತ್ತದೆ. ಅರವತ್ತೈದು ತುಂಬಿದ ದಿನ ಅಂಗವಿಕಲ ಪಿಂಚಣಿಯನ್ನು ಬಿಟ್ಟು ಸಂಧ್ಯಾ ಸುರಕ್ಷಾಕ್ಕೆ ಬರೆದುಕೊಡೋಣ, ಎರಡರಲ್ಲಿ ಒಂದೇ ಸಿಗುವುದು, ಅದರಲ್ಲಿ 400 ಹೆಚ್ಚು ಎಂದು ಅವರಿಗೆ ಹೇಳಿದ್ದೇನೆ. ಅದಕ್ಕೆ ವಯಸ್ಸಿನ ದಾಖಲೆ ಬೇಕು. ಆಧಾರಿನಲ್ಲಿ ಹುಟ್ಟಿದ ವರ್ಷ ತಪ್ಪಾಗಿದೆ, ಶಾಲೆಗೆ ಹೋದವರಲ್ಲ. ಹಳೆಯ ಓಟಿನ ಪಟ್ಟಿಯಲ್ಲಿ ಅವರ ಹೆಸರು ಹುಡುಕುತ್ತಿದ್ದೇವೆ.