ದಾನಿಯೇಲನ ಗ್ರಂಥದಲ್ಲಿ ಧರ್ಮವೀರ

ಸಿರಿಯಾದ ಯವನರಾಜನಾದ ನಾಲ್ಕನೆಯ ಅಂತಿಯೋಕನು ಕ್ರಿ. ಪೂ. ೧೬೭ರಲ್ಲಿ ಯೆಹೂದ್ಯರ ಸುನ್ನತಿಯನ್ನೂ ಸಬ್ಬತ್ ದಿನದ ಆಚರಣೆಯನ್ನೂ ನಿಷೇಧಿಸಿ, ಯೆರೂಸಲೇಮಿನ ದೇವಾಲಯದಲ್ಲಿ ಅನ್ಯದೇವತಾರಾಧನೆಯನ್ನು ನೆಲೆಗೊಳಿಸಿದನು. ಈ ವಿಪತ್ತನ್ನು ಕುರಿತ ಗ್ರಂಥಗಳಲ್ಲಿ ಎರಡು ಮುಖ್ಯವಾದುವು. ದಾನಿಯೇಲನ ಗ್ರಂಥವು ವಿಪತ್ತಿನ ನಡುವೆಯೇ ಈಗಿನ ರೂಪವನ್ನು ತಾಳಿತು. ಮಕ್ಕಬೀಯರ ಪ್ರಥಮ ಗ್ರಂಥವು ಅನಂತರದ ಕಾಲದ್ದು. ಎರಡನೆಯದು ವೀರಚರಿತೆಯೆಂದೂ, ಮೊದಲನೆಯದು ಕೈಲಾಗದವರ ಕನಸೆಂದೂ ಎಣಿಸುವುದುಂಟು. ಈ ಮತವು ಪರೀಕ್ಷಾರ್ಹವಾಗಿದೆ.

ಮಕ್ಕಬೀಯರ ಗ್ರಂಥದಲ್ಲಿ ಯುದ್ಧವೀರವು ಸ್ಫುಟವಾಗಿದೆ. ಮೊದೀನಿನಲ್ಲಿ ಮತ್ತಥೀಯನು ರಾಜಪುರುಷನನ್ನು ಕೊಂದು ಬೆಟ್ಟವನ್ನು ಸೇರಿದುದೂ, ಅವನ ಮಗನಾದ ಯೂದನು ಕ್ರಿ. ಪೂ. ೧೬೪ರಲ್ಲಿ ದೇವಾಲಯವನ್ನು ಶುದ್ಧಿಗೊಳಿಸಿದುದೂ ಉತ್ಸಾಹಕ್ಕೆ ತಕ್ಕ ವಸ್ತುಗಳೇ. ಆದರೆ ಅಲ್ಲಿಯೇ ಮತ್ತೊಂದು ಪ್ರಸಂಗವುಂಟು. ಸಬ್ಬತ್ ದಿನ ಆಯುಧವೆತ್ತಲೊಲ್ಲದೆ ಸಾವಿರದಷ್ಟು ಜನ ಹತರಾದರು. ಅದನ್ನು ಕೇಳಿ ಮತ್ತಥೀಯನ ಪಕ್ಷದವರು ಇನ್ನು ಆ ದಿನವೂ ಕಾದುವುದೆಂದು ನಿಶ್ಚಯಿಸಿದರು. ಧರ್ಮವನ್ನುಳಿಸಲು ಧರ್ಮನಿಯಮವನ್ನೇ ಸಡಿಲಿಸಬೇಕಾಯಿತು. ಇದು ಆಪದ್ಧರ್ಮವೆಂದು ಒಪ್ಪಬಹುದು. ಆದರೆ ಸತ್ತ ಆ ಸಾವಿರ ಜನರಿಗೆ ಗತಿಯೇನೆಂಬ ಪ್ರಶ್ನೆಯನ್ನು ಗ್ರಂಥಕಾರನು ಎತ್ತುವುದಿಲ್ಲ.

ಆ ಪ್ರಶ್ನೆಯೇ ದಾನಿಯೇಲನ ಗ್ರಂಥದ ಜೀವಾಳ. ಕಥೆ ನಡೆಯುವುದು ಬಾಬಿಲೋನಿನಲ್ಲಿ, ವ್ಯಂಗ್ಯವಾಗಿರುವವನು ಅಂತಿಯೋಕ. ಏಳನೆಯ ಅಧ್ಯಾಯದಲ್ಲಿ ಸಾಮ್ರಾಜ್ಯಗಳು ಸಮುದ್ರದಿಂದ ಏರಿಬರುವ ನಾಲ್ಕು ಮೃಗಗಳಾಗಿ ಕಾಣುತ್ತವೆ. ನಿತ್ಯವಾದ ಆಧಿಪತ್ಯವಾದರೋ ಮನುಷ್ಯಸದೃಶನಾದವನೊಬ್ಬನಿಗೆ ಸಲ್ಲುತ್ತದೆ. ಹನ್ನೊಂದನೆಯದರಲ್ಲಿ ಜನರಿಗೆ ಬೋಧಿಸುವ ಜ್ಞಾನಿಗಳು ಕತ್ತಿಗೂ ಬೆಂಕಿಗೂ ತುತ್ತಾಗುತ್ತಾರೆ. ಹನ್ನೆರಡನೆಯದರಲ್ಲಿ ಮಣ್ಣಿನಲ್ಲಿ ಮಲಗಿದವರು ಎಚ್ಚರಗೊಳ್ಳುತ್ತಾರೆ.

ಇಲ್ಲಿರುವುದು ಶಾಂತವೇ ಹೊರತು ವೀರವಲ್ಲವೆಂದು ಆಕ್ಷೇಪಿಸಬಹುದು. ಅದು ಸಲ್ಲದು. ಶಾಂತಕ್ಕೆ ನಿರ್ವೇದ ಬೇಕು. ಇಲ್ಲಿಯ ಜ್ಞಾನಿಗಳು ಲೋಕವನ್ನು ತೊರೆದವರಲ್ಲ, ರಾಜಾಜ್ಞೆಯನ್ನು ಮೀರಿ ಬೋಧಿಸುವವರು. ಕತ್ತಿಯಿಲ್ಲದ ಈ ಉತ್ಸಾಹವನ್ನೇ ನಮ್ಮ ಆಲಂಕಾರಿಕರು ಧರ್ಮವೀರವೆಂದು ಕರೆದಿರುವುದು.

ಗ್ರಂಥದಲ್ಲಿ ದೋಷವಿಲ್ಲವೆಂದಲ್ಲ. ಅರಸನು ಸಮುದ್ರಕ್ಕೂ ಪವಿತ್ರಪರ್ವತಕ್ಕೂ ನಡುವೆ ಗುಡಾರ ಹೂಡಿ ಅಳಿಯುವನೆಂದು ಅದು ಹೇಳಿತು, ಅಂತಿಯೋಕನು ಕ್ರಿ. ಪೂ. ೧೬೪ರಲ್ಲಿ ಸತ್ತುದು ದೂರದ ಪಾರಸೀಕದಲ್ಲಿ. ಭವಿಷ್ಯ ತಪ್ಪಿದರೂ ಯೆಹೂದ್ಯರು ಗ್ರಂಥವನ್ನು ಬಿಡಲಿಲ್ಲ. ಅವರ ಹೀಬ್ರೂ ಶಾಸ್ತ್ರಸಂಗ್ರಹದಲ್ಲಿ ದಾನಿಯೇಲನಿಗೆ ಸ್ಥಾನವುಂಟು, ಮಕ್ಕಬೀಯರ ಗ್ರಂಥಕ್ಕಿಲ್ಲ. ಯೂದನು ಮಾಡಿದ ಶುದ್ಧಿಯನ್ನಾದರೋ ಹನುಕ್ಕಾ ಹಬ್ಬದಲ್ಲಿ ಇಂದಿಗೂ ಸ್ಮರಿಸುತ್ತಾರೆ. ಆ ಜನರೇ ಎರಡನ್ನೂ ಉಳಿಸಿಕೊಂಡಿರುವಾಗ, ಒಂದನ್ನು ಮಾತ್ರ ವೀರವೆನ್ನುವುದು ವಿಮರ್ಶಕನಿಗೆ ಉಚಿತವಲ್ಲ.